ಏಳನೇ ಪುಟದ ಮೂರು ಒತ್ತು

ಅಚ್ಚುಮನೆಯವರು ಅವಳನ್ನು ಚುಕ್ಕಿಯಕ್ಕ ಎಂದೇ ಕರೆಯುತ್ತಿದ್ದರು. ಇನ್ನೂರು ಪುಟದ ಕರಡಿನಲ್ಲಿ ಎಲ್ಲೋ ಒಂದು ವಾಕ್ಯದ ಕೊನೆಯ ಚುಕ್ಕಿ ಬಿಟ್ಟುಹೋಗಿದೆ ಎಂಬ ಗುಮಾನಿ ಬಂದರೆ ಸಾಕು, ಊಟಕ್ಕೆಂದು ಎದ್ದವಳು ಮತ್ತೆ ಕೂತು, ಅದನ್ನು ಹುಡುಕಿ ಹಿಡಿದು, ಕೆಂಪು ಶಾಯಿಯಲ್ಲಿ ಇಟ್ಟಮೇಲೆಯೇ ಕೈತೊಳೆಯಲು ಹೋಗುವವಳು. ನಲವತ್ತೊಂದು ವರ್ಷ ಹೀಗೆ ಬೇರೆಯವರ ತಪ್ಪು ಹೆಕ್ಕಿಯೇ ಬದುಕಿದ ಹೆಂಗಸು. ಅವಳ ಕಣ್ತಪ್ಪಿಸಿ ಹೋದ ತಪ್ಪು ಒಂದೂ ಇಲ್ಲ ಎನ್ನುವುದು ಅಚ್ಚುಮನೆಯವರ ನಂಬಿಕೆ. ಅವಳದೂ ಅದೇ ನಂಬಿಕೆ. ಅವರಿಗಿಂತ ಒಂದು ಹಿಡಿ ಹೆಚ್ಚೇ.

ಓದಿದ್ದು ಏಳನೆಯ ತರಗತಿ. ಹತ್ತೊಂಬತ್ತನೆಯ ವಯಸ್ಸಿಗೆ ಅಚ್ಚುಮನೆ ಸೇರಿದಾಗ ಕೊಟ್ಟ ಕೆಲಸ, ಅಚ್ಚಾದ ಮೇಲೆ ಸೀಸದ ಮೊಳೆಗಳನ್ನು ಬಿಡಿಸಿ ಅವವುಗಳ ಗೂಡಿಗೆ ಹಾಕುವುದು. ಮೊಳೆಯ ಮೇಲಿನ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತದೆ. ಆರು ತಿಂಗಳಲ್ಲಿ ಅವಳು ನೇರ ಬರಹಕ್ಕಿಂತ ತಿರುಗಿದ ಬರಹವನ್ನೇ ಸರಾಗವಾಗಿ ಓದತೊಡಗಿದಳು. ಒಂದು ದಿನ ಮಷೀನಿಗೆ ಹೋಗಲು ಸಿದ್ಧವಾಗಿದ್ದ ಪುಟವನ್ನು ತಿರುವುಮುರುವಾಗಿಯೇ ಓದಿ, "ಇಲ್ಲೊಂದು ಸಾಲು ಎರಡು ಸಲ ಬಂದಿದೆ" ಎಂದಳು. ಅಂದೇ ಯಜಮಾನರು ಅವಳನ್ನು ಕರಡು ತಿದ್ದುವ ಮೇಜಿಗೆ ಕೂರಿಸಿದರು.

ಸೀಸದ ಕಾಲ ಮುಗಿದು ಕಂಪ್ಯೂಟರ್ ಬಂದಾಗ ಅವಳಿಗೆ ನಲವತ್ತೆಂಟು. ಯಜಮಾನರು ತರಿಸಿದ್ದು ಒಂದು ವಿಚಿತ್ರ ಎಡಿಟರ್, ಅಂದರೆ ಬರಹ ತಿದ್ದುವ ತಂತ್ರಾಂಶ. ಬರೆಯಬಹುದು, ತಿದ್ದಬಹುದು, ಅಷ್ಟೇ ಆಗಿದ್ದರೆ ಅದರಲ್ಲೇನು ಹೆಚ್ಚುಗಾರಿಕೆ? ಇದಕ್ಕೆ ನಾವೇ ಹೊಸ ಕೆಲಸ ಕಲಿಸಬಹುದಿತ್ತು. ಚುಕ್ಕಿಯಿಲ್ಲದೆ ಮುಗಿದ ವಾಕ್ಯಗಳನ್ನೆಲ್ಲ ಹುಡುಕಿ ತೋರಿಸು ಎಂದು ನಾಲ್ಕು ಸಾಲು ಆಜ್ಞೆ ಬರೆದಿಟ್ಟರೆ, ಆಮೇಲೆ ಒಂದು ಕೀಲಿ ಒತ್ತಿದರೆ ಸಾಕು, ಅದು ತಾನೇ ಹುಡುಕುತ್ತಿತ್ತು. ಅದು ಯಾರೊಬ್ಬರ ಸೊತ್ತೂ ಅಲ್ಲ. ಎಲ್ಲೆಲ್ಲಿಯೋ ಇರುವ ಜನ ಬಿಡುವಿನಲ್ಲಿ ಸೇರಿ ಕಟ್ಟಿದ್ದು. ಕಂಪ್ಯೂಟರಿನಲ್ಲಿ ಅದನ್ನು ಹಾಕಿಕೊಡಲು ಬಂದ ಮನುಷ್ಯ ಎರಡು ದಿನ ಅದು ಇದು ತೋರಿಸಿ ಹೋದವನು ಮತ್ತೆ ಆ ಕಡೆ ತಲೆಹಾಕಲಿಲ್ಲ. ಸಹಾಯದ ಪುಟಗಳಿದ್ದದ್ದು ಅವಳಿಗೆ ಬಾರದ ಭಾಷೆಯಲ್ಲಿ. ಚುಕ್ಕಿಯಕ್ಕ ನಿಘಂಟನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಪದ ಬಿಡಿಸಿ, ಮಾಡಿ ನೋಡಿ, ಕೆಟ್ಟದ್ದನ್ನು ಸರಿಪಡಿಸಿ, ತಿಳಿದದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಐದು ವರ್ಷಕ್ಕೆ ನಾಲ್ಕು ನೋಟ್‌ಬುಕ್ ತುಂಬಿದವು. ಅದೇ ಆಮೇಲೆ ಅರವತ್ತೆರಡು ಪುಟದ ಸಹಾಯವಾಗಿ, ಎಡಿಟರ್ ಕಟ್ಟುವವರ ಕೈಸೇರಿ, ಎಡಿಟರಿನೊಳಗೇ ಕೂತಿತು. ಮೇಲಿನ ಪಟ್ಟಿಯಲ್ಲಿ 'ಸಹಾಯ' ಒತ್ತಿ ಭಾಷೆ ಆರಿಸಿದರೆ ಮೊದಲ ಪುಟದಲ್ಲಿ ಬರೆದವರ ಹೆಸರು. ಅವಳ ಹೆಸರು. ತಾನು ತಿದ್ದಿದ ಸಾವಿರಾರು ಪುಸ್ತಕಗಳಲ್ಲಿ ಒಂದರಲ್ಲೂ ಅವಳ ಹೆಸರು ಅಚ್ಚಾಗಿರಲಿಲ್ಲ.

ಇದಾಗಿ ಹನ್ನೊಂದು ವರ್ಷ. ಕೆಲಸದಿಂದ ನಿವೃತ್ತಳಾಗಿ ನಾಲ್ಕು ವರ್ಷ. ಈಗ ಒಂದು ಮಂಗಳವಾರ ಬೆಳಿಗ್ಗೆ, ಕಾಫಿ ಲೋಟ ಕೈಯಲ್ಲಿರುವಾಗಲೇ, ಎಡಿಟರಿನ ಸಹಾಯದ ಪುಟಗಳ ಉಸ್ತುವಾರಿಯಿಂದ ಮಿಂಚಂಚೆ ಬಂದಿತ್ತು. ಆ ಭಾಷೆ ಈಗ ಅವಳಿಗೆ ನಡೆದಾಡುವಷ್ಟು ಬರುತ್ತಿತ್ತು, ಓಡುವಷ್ಟಲ್ಲ. ಎರಡು ಸಲ ಓದಿದಳು.

"ಏನಂತೆ?" ಎಂದ ಗಂಡ. ಅವನು ಮೂವತ್ತು ವರ್ಷ ನಗರದ ಬಸ್ಸು ಓಡಿಸಿ ಬಂದವನು. ಈಗಲೂ ಕುರ್ಚಿಯಲ್ಲಿ ಕೂರುವಾಗ ಎಡಗಡೆ ಬಲಗಡೆ ನೋಡಿಯೇ ಕೂರುತ್ತಿದ್ದ.

"ಹೊಸ ಎಡಿಟರ್ ಬರ್ತಿದೆಯಂತೆ. ನಮ್ಮ ಭಾಷೆ ಪುಟಗಳು ಹಳೇದಾಗಿವೆ. ಮೂವತ್ತು ದಿನದೊಳಗೆ ತಿದ್ದಿ ಕಳಿಸದಿದ್ರೆ ತೆಗೆದುಹಾಕ್ತಾರಂತೆ."

"ತೆಗೆದುಹಾಕೋದು ಅಂದ್ರೆ?"

"ಅಂದ್ರೆ ಇರಲ್ಲ. ಸಹಾಯ ಅಂತ ಒತ್ತಿದ್ರೆ ನಮ್ಮ ಭಾಷೆ ಹೆಸರೇ ಬರಲ್ಲ."

"ಅದನ್ನ ಯಾರಾದ್ರೂ ಓದ್ತಾರಾ ಅಷ್ಟಕ್ಕೂ?"

ಅವನು ಕೆಣಕಲು ಕೇಳಿದ್ದಲ್ಲ, ತಿಳಿಯಲು ಕೇಳಿದ್ದು. ಅದಕ್ಕೇ ಮಾತು ಹೆಚ್ಚು ನಾಟಿತು. ಹನ್ನೊಂದು ವರ್ಷದಲ್ಲಿ ಆ ಪುಟಗಳನ್ನು ಓದಿದೆ ಎಂದು ಒಂದು ಮನುಷ್ಯಜೀವಿಯೂ ಅವಳಿಗೆ ಬರೆದಿರಲಿಲ್ಲ.

"ಓದ್ತಾರೋ ಬಿಡ್ತಾರೋ, ನನ್ನ ಪುಟ ಕಸದಬುಟ್ಟಿಗೆ ಹೋಗಲ್ಲ," ಎಂದು ಲೋಟ ಕುಕ್ಕಿದಳು.

ಪತ್ರದಲ್ಲಿ ಇನ್ನೊಂದು ಷರತ್ತಿತ್ತು. ಪ್ರತಿ ಪುಟವನ್ನೂ ಬರೆದವರಲ್ಲದ ಇನ್ನೊಬ್ಬರು, ಪರೀಕ್ಷೆಗೆಂದು ಪತ್ರದ ಜೊತೆ ಕಳಿಸಿದ ಹೊಸ ಎಡಿಟರಿನಲ್ಲಿ ಮಾಡಿ ನೋಡಿರಬೇಕು. ಅವರ ಹೆಸರನ್ನೂ ಕಳಿಸಬೇಕು. ಚುಕ್ಕಿಯಕ್ಕ ಅಚ್ಚುಮನೆಗೆ ಫೋನು ಮಾಡಿದಳು. ಯಜಮಾನರು ಹೋದಮೇಲೆ ಅದನ್ನು ನಡೆಸುತ್ತಿದ್ದವಳು ಅವರ ಮಗಳು. "ಅಯ್ಯೋ ಚುಕ್ಕಿಯಕ್ಕಾ, ಪಠ್ಯಪುಸ್ತಕದ ಕೆಲಸ ತಲೆ ಮೇಲೆ ಕೂತಿದೆ. ತಿಂಗಳು ಕಳೀಲಿ, ಅರವತ್ತಲ್ಲ, ಆರುನೂರು ಪುಟ ಮಾಡಿಕೊಡ್ತೀನಿ," ಎಂದಳು. ತಿಂಗಳು ಕಳೆದರೆ ಮಾಡಿ ಏನು ಬಂತು?

ಫೋನು ಇಟ್ಟು ತಿರುಗಿದರೆ, ಕಿಟಕಿಯ ಪಕ್ಕ ಗಂಡ ಎದುರಿನ ಬೀಗ ರಿಪೇರಿ ಅಂಗಡಿಯ ಮುಂದೆ ಯಾರೋ ಅಡ್ಡಾದಿಡ್ಡಿ ನಿಲ್ಲಿಸಿದ ವ್ಯಾನಿಗೆ ಮನಸ್ಸಿನಲ್ಲೇ ಬೈಯುತ್ತ ನಿಂತಿದ್ದ.

"ಡ್ರೈವರ್ ಸಾಹೇಬ್ರೇ," ಎಂದಳು. "ಸ್ವಲ್ಪ ಇಲ್ಲಿ ಕೂತ್ಕೊಳ್ಳಿ."

"ನಾನಾ? ಆ ಡಬ್ಬಕ್ಕೆ ನಾನು ಈವರೆಗೂ ಬೆರಳು ತಾಗಿಸಿಲ್ಲ."

"ಅದಕ್ಕೇ ನೀವೇ ಸರಿ. ಗೊತ್ತಿದ್ದೋರು ಗೊತ್ತಿದ್ದದ್ದನ್ನ ಸೇರಿಸ್ಕೊಂಡು ಓದ್ತಾರೆ. ನೀವು ನಾನು ಬರೆದಷ್ಟೇ ಮಾಡಿ. ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ."

"ಬರೆದಷ್ಟೇ?"

"ಬರೆದಷ್ಟೇ."

ಈ ಮಾತು ಕೊಟ್ಟು ಅವಳು ತನ್ನ ಕೊರಳಿಗೆ ತಾನೇ ಗಂಟೆ ಕಟ್ಟಿಕೊಂಡಳು. ಸೂಚನೆಯನ್ನು ಅಕ್ಷರಕ್ಕೆ ಅಕ್ಷರ ಪಾಲಿಸುವುದರಲ್ಲಿ ಆ ಮನುಷ್ಯನನ್ನು ಮೀರಿಸಿದವರಿಲ್ಲ. ಡಿಪೋದ ಗೋಡೆಯ ಮೇಲೆ 'ಇಲ್ಲಿ ಹಾರ್ನ್ ಮಾಡಿ' ಎಂದು ಬರೆದಿದ್ದರೆ, ಎದುರಿಗೆ ಇರುವೆಯೂ ಇಲ್ಲದಿದ್ದರೂ ಮೂವತ್ತು ವರ್ಷ ಹಾರ್ನ್ ಮಾಡಿದವನು.

ಮೊದಲ ಪುಟದಲ್ಲಿ 'ಪರದೆಯ ಕೆಳಗೆ ಒಂದು ಸಾಲು ಕಾಣಿಸುತ್ತದೆ' ಎಂದಿತ್ತು. ಅವನು ಬಗ್ಗಿ ಮಾನಿಟರಿನ ಬುಡ ನೋಡಿದ. "ಧೂಳಿದೆ. ಸಾಲಿಲ್ಲ."

"ಪರದೆ ಒಳಗೇ, ಕೆಳತುದೀಲಿ!"

"ಹಾಗಂತ ಬರೀಬೇಕಪ್ಪ ಪಂಡಿತರು."

ಎರಡನೆಯ ಪುಟದಲ್ಲಿ 'ಕಂಟ್ರೋಲ್ ಕೀಲಿಯನ್ನು ಒತ್ತಿ ಹಿಡಿದು, ಎಸ್ ಒತ್ತಿ. ನಂತರ ನಿಮ್ಮ ಹೆಸರು ಬರೆಯಿರಿ' ಎಂದಿತ್ತು. ಅವನು ಒತ್ತಿ ಹಿಡಿದ. ಎಸ್ ಒತ್ತಿದ. ಹಿಡಿದ ಕೈ ಹಿಡಿದೇ ಇತ್ತು. ಇನ್ನೊಂದು ಕೈಯ ತೋರುಬೆರಳಿನಿಂದ ಒಂದೊಂದೇ ಅಕ್ಷರ ಕುಟ್ಟಿ ಹೆಸರು ಬರೆಯಹೊರಟ. ಪರದೆಯ ಮೇಲೆ ಏನೇನೋ ತೆರೆದು, ಮುಚ್ಚಿ, ಕೊನೆಗೆ ಎಡಿಟರೇ ಕಣ್ಮುಚ್ಚಿತು.

"ಅಯ್ಯೋ, ಕೈ ಬಿಡ್ರೀ!"

"ಬಿಡು ಅಂತ ಎಲ್ಲಿ ಬರೆದಿದೆ? ಹಿಡಿ ಅಂತಿತ್ತು, ಹಿಡಿದೆ."

ಚುಕ್ಕಿಯಕ್ಕನಿಗೆ ಕೋಪವೂ ಬಂತು, ನಗುವೂ ಬಂತು. ಪುಟವನ್ನು ಮತ್ತೆ ಓದಿದಳು. ನಿಜ, ಬಿಡು ಎಂದು ಬರೆದಿರಲಿಲ್ಲ. ಕೆಂಪು ಪೆನ್ನು ತೆಗೆದು 'ಕೈ ಬಿಡಿ' ಎಂದು ಸೇರಿಸಿದಳು. ಹೀಗೆ ದಿನಕ್ಕೆ ಮೂರು ಪುಟ. ಬೆಳಿಗ್ಗೆ ಒಂಬತ್ತಕ್ಕೆ ಶುರು, ಹನ್ನೊಂದಕ್ಕೆ ಅವನು ಡ್ಯೂಟಿ ಮುಗಿಸಿದವನಂತೆ ಎದ್ದು ಮೈಮುರಿದು ಸಹಿ ಹಾಕುತ್ತಿದ್ದ. ಸಹಿಗೆಂದು ಒಂದು ಪುಸ್ತಕವನ್ನೂ ಅವನೇ ಇಟ್ಟುಕೊಂಡಿದ್ದ.

ಮೂರನೆಯ ದಿನ ಏಳನೆಯ ಪುಟ ಬಂತು.

ಅದು ಅವಳ ಅಚ್ಚುಮೆಚ್ಚಿನ ಪುಟ. ಗಾಬರಿಯಾದಾಗ ಏನು ಮಾಡಬೇಕು ಎಂದು ಹೇಳುವ ಪುಟ. ಎಡಿಟರಿಗೆ ಅರ್ಧ ಆಜ್ಞೆ ಕೊಟ್ಟು ಮುಂದೇನು ಎಂದು ತಿಳಿಯದೆ ಸಿಕ್ಕಿಬಿದ್ದರೆ, ಕೀಲಿಮಣೆಯ ಎಡಮೂಲೆಯ ಎಸ್ಕೇಪ್ ಕೀಲಿ ಒತ್ತಬೇಕು. ಅದು ಅರ್ಧ ಆಜ್ಞೆಯನ್ನು ಅಳಿಸಿಹಾಕುತ್ತದೆ. ಅವಳು ಅದಕ್ಕೆ ಮೂಲೆಕೀಲಿ ಎಂದು ಹೆಸರಿಟ್ಟು ಬರೆದಿದ್ದಳು: 'ಹೆದರಬೇಡಿ. ಮೂಲೆಕೀಲಿಯನ್ನು ಮೂರು ಸಲ ಒತ್ತಿ. ಉಸಿರು ಬಿಡಿ. ಎಲ್ಲ ಮೊದಲಿನಂತಾಗುತ್ತದೆ.'

ಪರದೆ ಎರಡು ಭಾಗವಾಗಿತ್ತು. ಎಡಕ್ಕೆ ಮೂಲ ಬರಹ, ಬಲಕ್ಕೆ ಕರಡು. ಅವನು ಟಕ್ ಟಕ್ ಟಕ್ ಎಂದು ಮೂರು ಸಲ ಒತ್ತಿ, ದೊಡ್ಡದಾಗಿ ಉಸಿರು ಬಿಟ್ಟ. ಬಲಗಡೆಯ ಕರಡು ಮಾಯವಾಯಿತು.

"ಏನು ಮಾಡಿದ್ರಿ?"

"ಒತ್ತಿದೆ. ಉಸಿರು ಬಿಟ್ಟೆ."

ಮತ್ತೆ ತೆರೆದು ಮಾಡಿಸಿದಳು. ಮತ್ತೆ ಮಾಯ. ತಾನೇ ಮಾಡಿದಳು. ಮೂರು ಸಲ ಒತ್ತಿದೊಡನೆ, ಕೆಲಸ ಮಾಡುತ್ತಿದ್ದ ಭಾಗವೊಂದನ್ನು ಉಳಿಸಿ ಮಿಕ್ಕದ್ದನ್ನೆಲ್ಲ ಎಡಿಟರ್ ಮುಚ್ಚಿಬಿಡುತ್ತಿತ್ತು. ಚುಕ್ಕಿಯಕ್ಕನ ಮುಖ ಕೆಂಪಾಯಿತು. ಹೊಸಬರು ಕೈಯಾಡಿಸಿ ಕೆಡಿಸಿದ್ದಾರೆ! ಅವತ್ತೇ ಕೂತು ಉಸ್ತುವಾರಿಗೆ ಒಂದು ಖಾರದ ಪತ್ರ ಬರೆದಳು: ಗಾಬರಿಯಾದವರನ್ನು ಸಮಾಧಾನ ಮಾಡಬೇಕಾದ ಕೀಲಿ ಅವರನ್ನು ಇನ್ನಷ್ಟು ಗಾಬರಿ ಮಾಡುತ್ತಿದೆ, ದಯವಿಟ್ಟು ಸರಿಪಡಿಸಿ. ಅದೇ ಸಿಟ್ಟಿನಲ್ಲಿ, ತಮ್ಮ ಭಾಷೆಯಲ್ಲಿ ಎಡಿಟರ್ ಬಳಸುವವರು ಯಾರಾದರೂ ಇದ್ದರೆ ದನಿಗೂಡಿಸಿ ಎಂದು ಬಳಕೆದಾರರು ಇಂಟರ್ನೆಟ್ಟಿನಲ್ಲಿ ಸೇರಿ ಮಾತಾಡುವ ಕಟ್ಟೆಯಲ್ಲೂ ನಾಲ್ಕು ಸಾಲು ಹಾಕಿದಳು.

ಉಸ್ತುವಾರಿಯ ಉತ್ತರ ಮರುದಿನವೇ ಬಂತು. ಮಾತು ಬಹಳ ಸೌಮ್ಯ. ಮೂಲೆಕೀಲಿಯನ್ನು ಮೊದಲಿನಿಂದಲೂ ಒಂದೇ ಸಲ ಒತ್ತುವುದು. ಎಲ್ಲ ಭಾಷೆಯ ಸಹಾಯದಲ್ಲೂ ಹಾಗೇ ಇದೆ. ಮೂರು ಸಲ ಒತ್ತುವುದಕ್ಕೆ ಯಾವ ಕೆಲಸವೂ ಇಲ್ಲವೆಂದು ಈಗ ಹೊಸ ಕೆಲಸ ಕೊಟ್ಟಿದ್ದೇವೆ. ನಿಮ್ಮ ಪುಟದಲ್ಲಿ ಮಾತ್ರ ಮೂರು ಎಂದು ಹೇಗೆ ಬಂತು, ತಿಳಿಯಬಹುದೇ?

ಅವಳು ಹಳೆಯ ಎಡಿಟರ್ ತೆರೆದು ಒಂದೇ ಸಲ ಒತ್ತಿ ನೋಡಿದಳು. ಅರ್ಧ ಆಜ್ಞೆ ಅಳಿಸಿಹೋಯಿತು. ಹತ್ತು ಸಲ ನೋಡಿದಳು. ಹತ್ತು ಸಲವೂ ಒಂದೇ ಒತ್ತಿಗೆ ಅಳಿಸಿಹೋಯಿತು. ಹದಿನಾರು ವರ್ಷದಿಂದ ಒಂದೇ ಸಲ ಒತ್ತಿ ನೋಡುವ ಯೋಚನೆಯೇ ಅವಳಿಗೆ ಬಂದಿರಲಿಲ್ಲ.

ಇದರ ಬೆನ್ನಿಗೇ ಕಟ್ಟೆಯಲ್ಲಿ ಇನ್ನೊಂದು ಉತ್ತರ. ಬರೆದವರು ದೂರದ ಒಂದು ಊರಿನಲ್ಲಿ, ಹೊಲಿಗೆ ಅಂಗಡಿಯ ಮೇಲಿನ ಕೋಣೆಯಲ್ಲಿ ಟೈಪಿಂಗ್ ಕಲಿಸುವ ಮೇಷ್ಟ್ರು. ಅವರು ಬರೆದಿದ್ದರು:

"ಅಮ್ಮಾ, ನೀವು ಇದ್ದೀರಿ ಅಂತ ಗೊತ್ತಾಗಿ ತುಂಬ ಸಂತೋಷ ಆಯ್ತು. ಒಂಬತ್ತು ವರ್ಷದಿಂದ ನಿಮ್ಮ ಪುಟಗಳನ್ನ ಇಟ್ಕೊಂಡೇ ಕಲಿಸ್ತಿದ್ದೀನಿ. ನೂರ ಎಪ್ಪತ್ತು ಜನ ಕಲಿತು ಹೋಗಿದ್ದಾರೆ, ಹೆಚ್ಚಿನೋರು ಮನೆ, ಮಕ್ಕಳು ಅಂತ ಓದು ಬಿಟ್ಟು ಆಮೇಲೆ ಬಂದ ಹೆಂಗಸರು. ಏಳನೇ ಪುಟ ದೊಡ್ಡದಾಗಿ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದ್ದೀನಿ. ಯಾರಿಗಾದ್ರೂ ಗಾಬರಿ ಆದ್ರೆ ಇಡೀ ಕೋಣೆ ಒಟ್ಟಿಗೆ ಕೂಗುತ್ತೆ: ಒತ್ತು, ಒತ್ತು, ಒತ್ತು, ಉಸಿರು ಬಿಡು! ಒಂದೇ ಒಂದು ಪ್ರಶ್ನೆ. ಮೂರೇ ಯಾಕೆ ಅಂತ ಎಲ್ಲರೂ ಕೇಳ್ತಾರೆ. ನನಗೆ ಗೊತ್ತಿಲ್ಲ. ಬರೆದವರು ತಿಳಿದವರು, ಸುಮ್ನೆ ಬರೆದಿರಲ್ಲ ಅಂತ ಹೇಳ್ತಾ ಬಂದಿದ್ದೀನಿ."

ಅವಳು ಪರದೆಯ ಮುಂದೆ ಕೂತೇ ಇದ್ದಳು. ಹನ್ನೊಂದು ವರ್ಷ ಕಾದ ಮಾತು ಬಂದಿತ್ತು. ಬರಬಾರದ ದಿನ ಬಂದಿತ್ತು.

"ಏನು, ಮುಖ ಹೀಗೆ?" ಎಂದ ಗಂಡ.

"ಓದೋರು ಇದ್ದಾರಂತೆ."

"ಒಳ್ಳೇದೇ ಆಯ್ತಲ್ಲ!"

"ನೂರ ಎಪ್ಪತ್ತು ಜನ," ಎಂದವಳು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ಅಚ್ಚುಮನೆ ಎರಡು ರಸ್ತೆ ದಾಟಿದರೆ ಸಿಗುವ ಉದ್ದನೆಯ ತಗಡಿನ ಕಟ್ಟಡ. ಒಳಗೆ ಶಾಯಿ, ಕಾಗದ, ಬೈಂಡಿಂಗ್ ಅಂಟಿನ ವಾಸನೆ. ಗಾಜಿನ ಕೋಣೆಯಲ್ಲಿ ಯಜಮಾನರ ಮಗಳು ಪುಟ ಕಟ್ಟುತ್ತ ಕೂತಿದ್ದಳು. ಏನೋ ತಪ್ಪಿತು ಅಂತ ಕಾಣುತ್ತದೆ, ಕೈ ಸರ್ರನೆ ಎಡಮೂಲೆಗೆ ಹೋಯಿತು. ಟಕ್ ಟಕ್ ಟಕ್. ಜೊತೆಗೆ ಒಂದು ಪುಟ್ಟ ನಿಟ್ಟುಸಿರು.

"ಮೂರು ಸಲ ಯಾಕೆ ಒತ್ತಿದೆ ನೀನು?"

ಅವಳು ಬೆಚ್ಚಿ ತಿರುಗಿದಳು. "ಅಯ್ಯೋ ಅಕ್ಕಾ, ನೀವಾ! ಮೂರು ಸಲವೇ ತಾನೆ ಒತ್ತೋದು? ನೀವೇ ಕಲಿಸಿದ್ದಲ್ವಾ?"

"ಹೌದು. ನನಗೆ ಯಾರು ಕಲಿಸಿದ್ರು?"

"ನಿಮಗೆ ಕಲಿಸೋರು ಯಾರಿದ್ರು ಇಲ್ಲಿ? ನೀವೇ ಕಲಿತದ್ದು ಅಂತ ಊರಿಗೆಲ್ಲ ಹೇಳ್ಕೊಂಡು ಬಂದಿದ್ದೀರಲ್ಲ," ಎಂದು ನಕ್ಕಳು.

"ನನ್ನ ಮೊದಲನೇ ಕಂಪ್ಯೂಟರ್ ಏನಾಯ್ತು?"

"ಅಪ್ಪ ಏನನ್ನಾದ್ರೂ ಎಸೆದದ್ದು ನೋಡಿದ್ದೀರಾ? ಹಿಂದಿನ ಕೋಣೇಲಿರುತ್ತೆ."

ಹಿಂದಿನ ಕೋಣೆಯಲ್ಲಿ ಮೊಳೆಗೂಡುಗಳು, ಮುರಿದ ಸ್ಟೂಲು, ಹಳೆಯ ಕ್ಯಾಲೆಂಡರುಗಳ ಕಟ್ಟು. ಅವುಗಳ ಅಡಿಯಲ್ಲಿ ಕೀಲಿಮಣೆ ಸಿಕ್ಕಿತು. ಹಳದಿಗಟ್ಟಿದ್ದರೂ ಗುರುತು ಸಿಕ್ಕಿತು, ತನ್ನ ಬೆರಳು ಸವೆಸಿದ ಅಕ್ಷರಗಳಿಂದ. ಚುಕ್ಕಿಯಕ್ಕ ಮೂಲೆಕೀಲಿಯನ್ನು ಒತ್ತಿದಳು. ಕೆಳಗೆ ಹೋಗಲಿಲ್ಲ. ಇನ್ನೊಮ್ಮೆ ಒತ್ತಿದಳು. ಅರ್ಧ ಹೋಯಿತು. ಮೂರನೆಯ ಸಲ ಒತ್ತಿದಾಗ ಟಕ್ ಎಂದು ಕೂತಿತು.

ಕೀಲಿಯ ಸುತ್ತ ಕಂದುಬಣ್ಣದ ಗಟ್ಟಿ ಪೊರೆ. ಉಗುರಿನಿಂದ ಕೆರೆದು ಮೂಗಿಗೆ ಹಿಡಿದಳು. ಬೈಂಡಿಂಗ್ ಅಂಟು.

ಎಲ್ಲ ನೆನಪಾಯಿತು. ಆ ವರ್ಷಗಳಲ್ಲಿ ಕೆಲಸ ಹೆಚ್ಚಾದಾಗ ಮಧ್ಯಾಹ್ನದವರೆಗೆ ಬೈಂಡಿಂಗ್ ಮೇಜಿನಲ್ಲಿ ಅಂಟು ಹಚ್ಚುವುದು, ಆಮೇಲೆ ಕೈ ಒರೆಸಿಕೊಂಡು ಕಂಪ್ಯೂಟರಿಗೆ ಓಡುವುದು. ಕಲಿಯುವ ಆತುರ. ಸೋಪು ಹಾಕಿ ತೊಳೆಯುವಷ್ಟು ವ್ಯವಧಾನವಿರಲಿಲ್ಲ. ಹೊಸಬಳಿಗೆ ಗಾಬರಿ ಹೆಚ್ಚು, ಗಾಬರಿಯಾದಾಗಲೆಲ್ಲ ಬೆರಳು ಹೋಗುವುದು ಮೂಲೆಗೇ. ಅಂಟು ಕೂತಿತು. ಕೀಲಿ ಮೂರನೆಯ ಒತ್ತಿಗೆ ಮಾತ್ರ ಕೇಳುವಂತಾಯಿತು. ಅವಳು ಅದನ್ನೇ ಎಡಿಟರಿನ ನಿಯಮವೆಂದುಕೊಂಡು ನೋಟ್‌ಬುಕ್ಕಿಗೆ ಇಳಿಸಿದಳು.

ಮನೆಗೆ ಬಂದವಳು ಕೀಲಿಮಣೆಯನ್ನು ಗಂಡನ ಮುಂದೆ ಇಟ್ಟು ಎಲ್ಲ ಹೇಳಿದಳು. ಅವನು ತಾನೂ ಒಮ್ಮೆ ಒತ್ತಿ ನೋಡಿ, "ಕ್ಲಚ್ ಹಿಡ್ಕೊಂಡ ಹಾಗಿದೆ," ಎಂದ.

"ನಗಬೇಡಿ."

"ನಗ್ತಿಲ್ಲ. ಈಗೇನು, ಮೂರು ಅನ್ನೋದನ್ನ ಒಂದು ಅಂತ ಮಾಡಿ ಕಳಿಸು. ಅಷ್ಟೇ ತಾನೆ?"

ಅವಳೂ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದ್ದಳು. ಒಂದು ಪದ. ಸದ್ದಿಲ್ಲದೆ ತಿದ್ದಿದರೆ ಯಾರು ಹೋಲಿಸಿ ನೋಡುತ್ತಾರೆ? ಇನ್ನೊಬ್ಬರ ಪುಟದಲ್ಲಿ ಕೆಂಪು ಗೆರೆ ಎಳೆಯುತ್ತ ನಲವತ್ತೊಂದು ವರ್ಷ ತಲೆಯೆತ್ತಿ ನಡೆದವಳು. ತಿಳಿದವರು, ಸುಮ್ಮನೆ ಬರೆದಿರಲಿಕ್ಕಿಲ್ಲ ಎಂದು ಅಲ್ಲೊಬ್ಬ ಮೇಷ್ಟ್ರು ತಲೆಯ ಮೇಲೆ ಹೊತ್ತುಕೊಂಡಿದ್ದಾರೆ. ಅಂಟಿನ ಕೈಯ ಕಥೆ ಹೇಳಿದರೆ ಆ ಕೋಣೆಯವರು ಬಿದ್ದು ಬಿದ್ದು ನಗುವುದಿಲ್ಲವೇ? ಮಿಕ್ಕ ಅರವತ್ತೊಂದು ಪುಟದ ಮೇಲೂ ಅನುಮಾನ ಹುಟ್ಟುವುದಿಲ್ಲವೇ?

"ಸುಮ್ನೆ ತಿದ್ದಿ ಕಳಿಸಿದ್ರೆ ಯಾರಿಗೂ ಗೊತ್ತಾಗಲ್ಲ," ಎಂದಳು, ಅವನ ಬಾಯಿಂದ ಹೌದು ಎನ್ನಿಸುವ ದನಿಯಲ್ಲಿ.

ಅವನು ಕೀಲಿಮಣೆಯನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದ. "ಒಂದು ಸಲ ನಾನು ಬಸ್ಸನ್ನ ತಪ್ಪು ರಸ್ತೆಗೆ ತಿರುಗಿಸಿದ್ದೆ, ಹೇಳಿದ್ನಾ? ಹೊಸ ರೂಟು. ಅರ್ಧ ಮೈಲಿ ಹೋದಮೇಲೆ ಗೊತ್ತಾಯ್ತು. ಬಸ್ ತುಂಬ ಜನ."

"ಏನು ಮಾಡಿದ್ರಿ?"

"ಮೊದಲು ಯೋಚಿಸ್ದೆ, ಯಾರಿಗೂ ಹೇಳದೆ ಸದ್ದಿಲ್ಲದೆ ವಾಪಸ್ ತಿರುಗಿಸಿಬಿಡೋಣ ಅಂತ. ಬಸ್ಸನ್ನ ಸದ್ದಿಲ್ಲದೆ ತಿರುಗಿಸೋಕಾಗುತ್ತಾ? ಎಲ್ಲರೂ ಕಿಟಕೀಲಿ ನೋಡ್ತಿರ್ತಾರೆ. ಎದ್ದು ನಿಂತು, ತಪ್ಪು ನಂದು, ತಿರುಗಿಸ್ತಿದ್ದೀನಿ, ಕಂಬಿ ಹಿಡ್ಕೊಳ್ಳಿ ಅಂದೆ."

"ಬೈದ್ರಾ?"

"ಇಬ್ಬರು ಬೈದ್ರು. ಒಬ್ಬ ಮುದುಕ, ಪರವಾಗಿಲ್ಲ ಬಿಡು, ಈ ರಸ್ತೆ ನಾನು ನೋಡಿರ್ಲಿಲ್ಲ ಅಂದ." ಅವನು ಕೀಲಿಮಣೆ ಕೆಳಗಿಟ್ಟ. "ನಿನ್ನ ಬಸ್ಸಲ್ಲಿ ನೂರ ಎಪ್ಪತ್ತು ಜನ ಕೂತಿದ್ದಾರೆ. ಮೂರು ಸಲ ಒತ್ತೋದು ಅವರ ಕೈಗೆ ಕೂತಿದೆ. ಹೊಸ ಎಡಿಟರ್ ಬಂದ ದಿನ ಒತ್ತುತ್ತಾರೆ, ಎಲ್ಲ ಮಾಯ ಆಗುತ್ತೆ. ಹೇಳದೆ ತಿರುಗಿಸಿದ್ರೆ ಬೀಳೋದು ಅವರು, ನೀನಲ್ಲ."

ಚುಕ್ಕಿಯಕ್ಕ ಎದ್ದು ಹೋಗಿ ಕೈಗಳನ್ನು ಸೋಪು ಹಾಕಿ ಉಜ್ಜಿ ಉಜ್ಜಿ ತೊಳೆದು ಬಂದು ಕೂತಳು. ಬೈಂಡಿಂಗ್ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಹಾಗೆ ತೊಳೆಯಬೇಕೆನ್ನಿಸಿತು.

ಏಳನೆಯ ಪುಟದ ತಲೆಯಲ್ಲಿ ಹೀಗೆ ಬರೆದಳು: 'ಹಿಂದಿನ ಆವೃತ್ತಿಯಲ್ಲಿ ಮೂಲೆಕೀಲಿಯನ್ನು ಮೂರು ಸಲ ಒತ್ತಿ ಎಂದು ಬರೆದಿದ್ದೆ. ಅದು ತಪ್ಪು. ಒಂದು ಸಲ ಸಾಕು. ನಾನು ಕಲಿತ ಕೀಲಿಮಣೆಗೆ, ಬೈಂಡಿಂಗ್ ಕೆಲಸದಿಂದ ಎದ್ದು ಬಂದ ನನ್ನ ಕೈಯ ಅಂಟು ಮೆತ್ತಿಕೊಂಡಿತ್ತು. ಅದನ್ನೇ ನಿಯಮ ಎಂದುಕೊಂಡೆ. ಎಡಿಟರಿನದೂ ತಪ್ಪಲ್ಲ, ಕಲಿಸಿದವರದೂ ತಪ್ಪಲ್ಲ.' ಕೊನೆಯ ವಾಕ್ಯ ಮೇಷ್ಟ್ರಿಗಾಗಿ. ಓದಿ ನೋಡಿದಳು. ಚುಕ್ಕಿಗಳೆಲ್ಲ ಇದ್ದವು.

ಆದರೂ ಮನಸ್ಸಿಗೆ ಸಮಾಧಾನವಾಗಲಿಲ್ಲ. ಪುಟವನ್ನು ತಿದ್ದಬಹುದು; ಒಂಬತ್ತು ವರ್ಷ ಪಳಗಿದ ಬೆರಳನ್ನು ತಿದ್ದುವುದು ಹೇಗೆ? ಗಾಬರಿಯಾದ ಕೈಗೆ ಪುಟ ಓದುವ ಹೊತ್ತೆಲ್ಲಿ? ಆಗ ಅವಳಿಗೆ ಹೊಳೆಯಿತು: ಬೆರಳು ಕಲಿಯದಿದ್ದರೆ ಎಡಿಟರಿಗೇ ಕಲಿಸಿದರಾಯಿತು. ಕಲಿಸಬಹುದಾದ ಎಡಿಟರ್ ಎಂಬ ಕಾರಣಕ್ಕೇ ಅಲ್ಲವೇ ತಾನು ಇದಕ್ಕೆ ಮರುಳಾದದ್ದು? ಒಂದರ ಹಿಂದೆ ಒಂದು ಬಂದ ಮೂರು ಒತ್ತನ್ನು ಒಂದೇ ಒತ್ತು ಎಂದು ತಿಳಿ, ಏನನ್ನೂ ಮುಚ್ಚಬೇಡ. ಇಷ್ಟನ್ನು ಆಜ್ಞೆಯಾಗಿ ಬರೆಯಬೇಕು.

ಮೊದಲ ದಿನ ಬರೆದ ಆಜ್ಞೆ ಮೂರು ಒತ್ತನ್ನೂ ನುಂಗಿ ಕೂತಿತು, ಮೂಲೆಕೀಲಿಯೇ ಸತ್ತಂತಾಯಿತು. "ಅಂಟು ಇದ್ದಾಗಲೇ ಚೆನ್ನಾಗಿತ್ತು," ಎಂದ ಗಂಡ. ಎರಡನೆಯ ದಿನ ಮೊದಲ ಒತ್ತಿಗೆ ಕೆಲಸ ಆಗುತ್ತಿತ್ತು, ಆದರೆ ಮೂರನೆಯದಕ್ಕೆ ಮತ್ತೆ ಕರಡು ಮಾಯ. ಮೂರನೆಯ ದಿನ ಅವಳು ಉಸ್ತುವಾರಿಗೇ ಬರೆದು ಕೇಳಿದಳು. ಯಾರನ್ನೂ ಕೇಳದೆ ಕಲಿತೆ ಎಂದು ಬೀಗುತ್ತಿದ್ದವಳಿಗೆ ಆ ಪತ್ರದ ಮೊದಲ ಸಾಲು ಬರೆಯಲು ಅರ್ಧ ಗಂಟೆ ಹಿಡಿಯಿತು. ಎರಡು ಸಾಲಿನ ಉತ್ತರ ಬಂತು: ಒಂದು ಒತ್ತಾದ ಮೇಲೆ ಮುಂದಿನದಕ್ಕಾಗಿ ಕಾಯುವ ಅವಧಿಯನ್ನು ಎಲ್ಲಿ ಹೇಳಬೇಕೆಂದು. ಅದನ್ನು ಸೇರಿಸಿದಳು. ಒಟ್ಟು ಆರು ಸಾಲು.

"ಬನ್ನಿ ಸಾಹೇಬ್ರೇ. ಗಾಬರಿ ಬಿದ್ದವರ ಹಾಗೆ ಒತ್ತಿ."

ಅವನು ಕಣ್ಣರಳಿಸಿ, ಕುರ್ಚಿಯಲ್ಲೇ ಹಾರಿಬಿದ್ದು, ಎದುರಿಗೆ ಲಾರಿ ಬಂದವನಂತೆ ಟಕ್ ಟಕ್ ಟಕ್ ಎಂದು ಒತ್ತಿದ. ಎಡಕ್ಕೆ ಮೂಲ, ಬಲಕ್ಕೆ ಕರಡು. ಎರಡೂ ಅಲ್ಲೇ ಇದ್ದವು. ಅರ್ಧ ಆಜ್ಞೆ ಮಾತ್ರ ಅಳಿಸಿಹೋಗಿತ್ತು.

"ಉಸಿರು ಬಿಡಲಾ?"

"ಬಿಡಿ," ಎಂದಳು. ಅವಳೂ ಬಿಟ್ಟಳು.

ಆ ಆರು ಸಾಲನ್ನು ಏಳನೆಯ ಪುಟದ ಕೊನೆಗೆ ಸೇರಿಸಿದಳು: 'ನಿಮ್ಮ ಕೈಗೆ ಮೂರು ಸಲವೇ ರೂಢಿಯಾಗಿದ್ದರೆ, ಅದು ನನ್ನಿಂದ ಬಂದದ್ದು. ಎಡಿಟರಿಗೆ ಹೀಗೆ ಕಲಿಸಿ, ನಿಮ್ಮ ಕೈಯನ್ನು ಹಾಗೆಯೇ ಬಿಡಿ.'

ಉಳಿದ ಪುಟಗಳನ್ನು ಇಬ್ಬರೂ ಎಡೆಬಿಡದೆ ಮುಗಿಸಿದರು. ಈಗ ಅವಳು ಪ್ರತಿ ವಾಕ್ಯವನ್ನೂ ಅನುಮಾನದಿಂದಲೇ ನೋಡುತ್ತಿದ್ದಳು, ಬೇರೆಯವರ ಕರಡನ್ನು ನೋಡಿದ ಹಾಗೆ. ಇನ್ನೂ ನಾಲ್ಕು ತಪ್ಪು ಸಿಕ್ಕವು. ಒಂದೊಂದು ಸಿಕ್ಕಾಗಲೂ ಗಂಡ ಸಹಿಪುಸ್ತಕದಲ್ಲಿ ಒಂದು ನಕ್ಷತ್ರ ಹಾಕಿಕೊಂಡ. ಇಪ್ಪತ್ತೆಂಟನೆಯ ದಿನ ಎಲ್ಲ ಪುಟ ಕಳಿಸಿದಳು. ಬರೆದವರು: ತನ್ನ ಹೆಸರು. ಮಾಡಿ ನೋಡಿದವರು: ಅವನ ಹೆಸರು, ಪಕ್ಕದಲ್ಲಿ 'ನಿವೃತ್ತ ಬಸ್ ಚಾಲಕ'. ಅದನ್ನು ಹಾಕಲೇಬೇಕು ಎಂದು ಹಟ ಹಿಡಿದವನು ಅವನೇ.

ಪುಟಗಳು ಸೇರಿವೆ, ಉಳಿಯುತ್ತವೆ ಎಂದು ಎರಡು ದಿನಕ್ಕೆ ಉತ್ತರ ಬಂತು. ಹೊಸ ಎಡಿಟರ್ ಬಂದ ವಾರದಲ್ಲೇ ಮೇಷ್ಟ್ರ ಮಾತೂ ಬಂತು. ಓದುವ ಮೊದಲು ಚುಕ್ಕಿಯಕ್ಕ ಕನ್ನಡಕವನ್ನು ಎರಡು ಸಲ ಒರೆಸಿದಳು.

"ಅಮ್ಮಾ, ನಿಮ್ಮ ಹೊಸ ಏಳನೇ ಪುಟವನ್ನ ಎಲ್ಲರ ಮುಂದೆ ಜೋರಾಗಿ ಓದ್ದೆ. ಅಂಟಿನ ವಿಷಯ ಬಂದಾಗ ಇಡೀ ಕೋಣೆ ನಕ್ಕಿತು, ಮುಚ್ಚಿಡಲ್ಲ. ಆಮೇಲೆ ಹಿಂದಿನ ಸಾಲಿನ ಒಬ್ಬಾಕೆ ಎದ್ದು ನಿಂತ್ಲು. ಕೆಳಗಿನ ಅಂಗಡೀಲಿ ಹೊಲಿಗೆ ಕೆಲಸ ಅವಳದು. ತಪ್ಪಾಗುತ್ತೆ ಅನ್ನೋ ಹೆದರಿಕೇಲಿ ಮೂರು ತಿಂಗಳಿಂದ ಬಾಯಿ ಬಿಟ್ಟಿರ್ಲಿಲ್ಲ. 'ಅವರೂ ಕೆಲಸದ ಮಧ್ಯೆ ಎದ್ದು ಬಂದು ಕಲಿತೋರಾ ಸಾರ್?' ಅಂತ ಕೇಳಿದ್ಲು. ಹೌದಂತೆ ಅಂದೆ. ಆ ಆರು ಸಾಲನ್ನ ಎಲ್ಲರ ಕಂಪ್ಯೂಟರಿಗೂ ಹಾಕಿದವಳು ಅವಳೇ. ಹಳೇ ಪುಟವನ್ನ ಗೋಡೆಯಿಂದ ಕೀಳೋಕೆ ಯಾರೂ ಒಪ್ಪಲಿಲ್ಲ. ಹೊಸದನ್ನ ಅದರ ಕೆಳಗೇ ಅಂಟಿಸಿದ್ದೀವಿ. ಇನ್ನೊಂದು ಮಾತು, ಬೇಜಾರಾಗಬೇಡಿ. ಮೂವತ್ತೊಂದನೇ ಪುಟದ ಎರಡನೇ ಹೆಜ್ಜೆ ಆಕೆಗೆ ಅರ್ಥ ಆಗ್ತಿಲ್ಲ. ನನಗೂ ಇಲ್ಲ."

ಚುಕ್ಕಿಯಕ್ಕ ಮೂವತ್ತೊಂದನೆಯ ಪುಟ ತೆರೆದಳು. ಎರಡನೆಯ ಹೆಜ್ಜೆ ಓದಿದಳು. ತನಗೆ ಚೆನ್ನಾಗಿಯೇ ಅರ್ಥವಾಯಿತು. ಅದೇ ತೊಂದರೆ. ಡ್ರಾಯರಿನಿಂದ ಕೆಂಪು ಪೆನ್ನು ತೆಗೆದಳು.

"ರೀ," ಎಂದು ಕೂಗಿದಳು.

ಕಿಟಕಿಯ ಬಳಿ ವ್ಯಾನಿನವನ ಮೇಲೆ ಕಣ್ಣಿಟ್ಟಿದ್ದವನು ತಿರುಗಿ ನೋಡಿ, ಸಹಿಪುಸ್ತಕವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಂದ. ಎಡಗಡೆ ನೋಡಿದ, ಬಲಗಡೆ ನೋಡಿದ, ಕುರ್ಚಿಯಲ್ಲಿ ಕೂತ.

"ಎಷ್ಟನೇ ಪುಟ?"